ಮಸೂರಕ್ಕೊಂದು ಮರೆ

ಸಂಕ್ರಾಂತಿ ಬಂದಿತೆಂದರೆ ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲು ಜಾತ್ರೆ ನೆರೆಯುವುದು. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬಂದ ಬಂಧುಗಳು ಒಂದೆಡೆ ಕೂಡುವರು. ಹಿರಿಯರನ್ನು ನಡುವೆ ಕೂಡ್ರಿಸಿ ಮನೆಮಂದಿಯ ಚಿತ್ರ ತೆಗೆಯುವ ಸುಯೋಗವು ಎಷ್ಟೋ ಕುಟುಂಬಗಳಿಗೆ ಒದಗುವುದು ಆಗಲೇ. ಅಂಥ ಚಿತ್ರದಲ್ಲಿ ಮುಖಗಳ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಬ್ಬು ಕವಿದಿದ್ದರೆ ಆಗುವ ವ್ಯಥೆ ಸಣ್ಣದಲ್ಲ. ಮುಂದಿನ ಸಂಕ್ರಾಂತಿಗೆ ಆ ಹಿರಿಯರೆಲ್ಲ ನಮ್ಮೊಡನೆ ಇರುವರೆಂದು ಯಾರು ಹೇಳಬಲ್ಲರು?

ಈ ಮಬ್ಬಿಗೆ ಬಹುಮಟ್ಟಿಗೆ ಕಾರಣವು ಓರೆಬೆಳಕು. ಚೌಕಟ್ಟಿನ ಹೊರಗಿನಿಂದ ಬಂದ ಬಿಸಿಲು ಮಸೂರಕ್ಕೆ, ಎಂದರೆ ಲೆನ್ಸಿಗೆ, ತಾಗಿ ಒಳಗೆಲ್ಲ ಚೆದರುವುದು. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ನೂರಕ್ಕೆ ಸುಮಾರು 4 ಪಾಲು ಬೆಳಕನ್ನು ಹಿಂದಿರುಗಿಸುವುದು. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಸ್ಮಾಕುಲಾ ಎಂಬ ವಿಜ್ಞಾನಿಯು ಇದನ್ನು ತಗ್ಗಿಸುವ ತೆಳುಲೇಪವನ್ನು ರೂಪಿಸಿದನು. ಇಂದಿನ ಲೆನ್ಸುಗಳಿಗೆ ಅಂಥ ಲೇಪವಿದ್ದರೂ ಹಲವು ಗಾಜುಗಳುಳ್ಳ ಜೂಮ್ ಲೆನ್ಸಿನಲ್ಲಿ ಅಳಿದುಳಿದ ಬೆಳಕು ಸೇರಿ ಮಬ್ಬಾಗುವುದುಂಟು. ಬಿಸಿಲಿನಲ್ಲಿ ದೂರ ನೋಡುವಾಗ ನಾವು ಹುಬ್ಬಿನ ಮೇಲೆ ಅಂಗೈ ಹಿಡಿಯುವುದಿಲ್ಲವೆ? ಲೆನ್ಸಿಗೆ ಆ ಅಂಗೈಯೇ ಹುಡ್.

ವಿಜಯಪುರಕ್ಕೂ ಛಾಯಾಚಿತ್ರಕ್ಕೂ ಹಳೆಯ ನಂಟು. ಬಿಗ್ಸ್ ಮತ್ತು ಲಾಕ್ ಎಂಬವರು ತೆಗೆದ ಇಲ್ಲಿಯ ಕಟ್ಟಡಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಂದವು. ಇಂದಿಗೂ ಗೋಲಗುಮ್ಮಟದ ಮುಂದೆ ನಿಂತು ಚಿತ್ರ ತೆಗೆಯಿಸದವರು ವಿರಳ. ಸಂಕ್ರಾಂತಿಯ ನಡುಹಗಲಿನಲ್ಲಿಯೂ ಇಲ್ಲಿ ಸೂರ್ಯನು ನೆತ್ತಿಗೆ ಬಾರದೆ ದಕ್ಷಿಣಕ್ಕೆ ವಾಲಿ ಸುಮಾರು 52 ಅಂಶ ಎತ್ತರದಲ್ಲಿರುವನು. ಅವನಿಗೆ ಎದುರಾಗಿ ನಿಂತವರು ಕಣ್ಣು ಕಿರಿದು ಮಾಡುವರೆಂದು ಅವರನ್ನು ತಿರುಗಿಸಿ ನಿಲ್ಲಿಸಿದರೆ ಬಿಸಿಲು ನೇರವಾಗಿ ಲೆನ್ಸಿಗೆ ಬೀಳುವುದು. ಹುಡ್ ಬೇಕಾಗುವುದು ಆಗಲೇ. ಸೂರ್ಯನೇ ಚೌಕಟ್ಟಿನೊಳಗೆ ಬಂದರೆ ಮಾತ್ರ ಅದರಿಂದ ಫಲವಿಲ್ಲ.

ಹುಡ್ ಆಯಾ ಲೆನ್ಸಿಗೆ ತಕ್ಕುದಾಗಿರಬೇಕು. ವಿಶಾಲ ನೋಟದ ಲೆನ್ಸಿಗೆ ಉದ್ದನೆಯದನ್ನು ತೊಡಿಸಿದರೆ ಚಿತ್ರದ ಮೂಲೆಗಳು ಕಪ್ಪಾಗುವವು. ಚಿತ್ರವು ಆಯತಾಕಾರದ್ದಾದುದರಿಂದ ಮೂಲೆಗಳಿಗೆ ಎಡೆಗೊಡಲೆಂದೇ ಕೆಲವನ್ನು ಹೂವಿನ ಎಸಳಿನಂತೆ ಕತ್ತರಿಸಿರುವರು. ಉದ್ದ ಎಸಳುಗಳು ಮೇಲೆ ಕೆಳಗೆ ಬರುವಂತೆ ಕೂಡ್ರಿಸಬೇಕು. ಹಿಂದುಮುಂದಾಗಿ ತೊಡಿಸಿದ ಹುಡ್ ಚೀಲದಲ್ಲಿಡಲು ಅನುಕೂಲವೇ ಹೊರತು ಬಿಸಿಲಿಗೆ ಮರೆಯಾಗದು. ಕ್ಯಾಮೆರಾದಲ್ಲಿಯೇ ಇರುವ ಫ್ಲ್ಯಾಶ್ ಬಳಸುವಾಗ ಅದನ್ನು ತೆಗೆದಿಡತಕ್ಕದ್ದು. ಇಲ್ಲವಾದರೆ ಅದರ ನೆರಳೇ ಚಿತ್ರದಲ್ಲಿ ಬೀಳುವುದು.

ಜಾತ್ರೆಯ ನೂಕುನುಗ್ಗಲಿನಲ್ಲಿ ಪೆಟ್ಟು ಮೊದಲು ತಾಗುವುದು ಹುಡ್ಡಿಗೆ, ಗಾಜು ಉಳಿಯುವುದು. ಹೀಗೆ ಪೆಟ್ಟು ತಿಂದುದನ್ನು ಒಡನೆ ಎಸೆಯಬೇಕಾಗಿಲ್ಲ. ಆದರೆ ಯಾವ ದುರಸ್ತಿಯನ್ನೂ ಅದು ಲೆನ್ಸಿನ ಮೇಲಿರುವಾಗ ಮಾಡಕೂಡದು. ಪ್ಲಾಸ್ಟಿಕ್ ಹುಡ್ ಸೀಳಿದ್ದರೆ ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ ಅಂಟಿನಿಂದ ಕೂಡಿಸಿ ಒಂದು ದಿನ ಪೂರ್ತಿ ಒಣಗಲು ಬಿಡಬೇಕು. ಕ್ಷಣದಲ್ಲಿ ಅಂಟುವ ಗೋಂದಿನ ಆವಿ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಬಹುದಾದುದರಿಂದ ಅದನ್ನು ಲೆನ್ಸಿನ ಬಳಿ ತರಲಾಗದು. ಕಚ್ಚು ಸವೆದು ಸಡಿಲವಾಗಿದ್ದರೆ ಒಳಅಂಚಿಗೆ ತೆಳುವಾದ ಟೇಪಿನ ಚೂರು ಹಚ್ಚಿದರೆ ಬಿಗಿಯಾಗುವುದು. ತಗ್ಗು ಬಿದ್ದ ಲೋಹದ ಹುಡ್ಡಿಗೆ ಒಳಗಿನಿಂದ ಗುಂಡನೆಯ ಕಟ್ಟಿಗೆಯನ್ನು ಒತ್ತಿ ಮೆಲ್ಲನೆ ಸರಿಪಡಿಸಬಹುದು. ತಿರುಪಿನ ಹುಡ್ ಸಿಕ್ಕಿಕೊಂಡರೆ ಬಲವಾಗಿ ಹಿಂಡಬಾರದು. ಹಿಂಡಿದಷ್ಟೂ ವೃತ್ತವು ಅಂಡಾಕಾರವಾಗಿ ಇನ್ನಷ್ಟು ಬಿಗಿಯುವುದು. ಸುತ್ತಲು ಅಗಲವಾದ ರಬ್ಬರ್ ಪಟ್ಟಿ ಹಾಕಿ ಹಗುರವಾಗಿ ತಿರುಗಿಸಬೇಕು. ಒಳಮೈ ಹೊಳೆಯತೊಡಗಿದರೆ ಕಪ್ಪು ಮಖಮಲ್ಲನ್ನು ಅಂಟಿಸಿದರಾಯಿತು.

ಹುಡ್ಡೇ ಇಲ್ಲದವರು ಕಪ್ಪು ಕಾಗದವನ್ನು ಸುತ್ತಿ ಮಾಡಿಕೊಳ್ಳಬಹುದು. ಬಿಳಿಗೋಡೆಯ ಚಿತ್ರವೊಂದನ್ನು ತೆಗೆದು, ಮೂಲೆಗಳು ಕಪ್ಪಾಗಿದ್ದರೆ ಅಂಚನ್ನು ಕತ್ತರಿಸುತ್ತ ಬರಬೇಕು. ಅದೂ ಇಲ್ಲದಿದ್ದರೆ ಪಕ್ಕದಲ್ಲಿ ನಿಂತ ಮಗುವಿನ ಕೈಯಲ್ಲಿ ಟೊಪ್ಪಿಗೆಯನ್ನು ಕೊಟ್ಟು, ಅದರ ನೆರಳು ಗಾಜಿನ ಮೇಲೆ ಬೀಳುವಂತೆ ಹಿಡಿಯ ಹೇಳಿರಿ. ಇಷ್ಟರಿಂದಲೇ ಹಿರಿಯರ ಮುಖದ ಗೆರೆಗಳು ಸ್ಪಷ್ಟವಾಗಿ ಮೂಡಿ, ಮುಂದೆ ಮೊಮ್ಮಕ್ಕಳು ಗುರುತಿಸುವಂತೆ ಉಳಿಯುವವು.