ತಿರುವಿನಲ್ಲಿ ಕಾರು ಯಾರ ಮಾತು ಕೇಳುತ್ತದೆ?

ಕಾರ್ ರೇಸ್ ಈಗ ನಮ್ಮ ಬ್ಯಾರಿ ಮನೆಗಳಿಗೆ ದೂರದ ಸಂಗತಿಯೇನಲ್ಲ. 2004ರಲ್ಲಿ ಬಹರೈನ್‌ನ ಸಾಖೀರ್‌ನಲ್ಲಿ ಫಾರ್ಮುಲಾ ವನ್ ಶುರುವಾಯಿತು. 2009ರಲ್ಲಿ ಅಬುಧಾಬಿಯ ಯಾಸ್ ಮರೀನಾ, 2021ರಲ್ಲಿ ಜಿದ್ದಾ ಮತ್ತು ಕತರಿನ ಲುಸೈಲ್ ಸೇರಿಕೊಂಡವು. ಎಲ್ಲವೂ ನಮ್ಮವರು ದುಡಿಯುವ ಊರುಗಳೇ. ಇತ್ತ ನಮ್ಮ ಪಕ್ಕದ ಕಾಸರಗೋಡಿನ ಮೂಸಾ ಶರೀಫ್ ರ‍್ಯಾಲಿಗಳಲ್ಲಿ ಸಹಚಾಲಕರಾಗಿ ದೇಶಕ್ಕೆಲ್ಲ ಪರಿಚಿತರು. ಹಾಗಾಗಿ ಮಕ್ಕಳ ಬಾಯಲ್ಲಿ ರೇಸಿನ ಮಾತು ಸಹಜ. ಆದರೆ ರೇಸಿನಲ್ಲಿ ಅವರ ಕಣ್ಣಿಗೆ ಬೀಳುವುದು ವೇಗ ಮಾತ್ರ. ರೇಸು ಗೆಲ್ಲುವುದು, ಸೋಲುವುದು ಹೆಚ್ಚಾಗಿ ತಿರುವಿನಲ್ಲಿ.

ಕಾರನ್ನು ನೆಲಕ್ಕೆ ಹಿಡಿದಿಡುವುದು ನಾಲ್ಕು ಟಯರುಗಳು. ಮಾಮೂಲಿ ಕಾರಿನಲ್ಲಿ ಒಂದೊಂದು ಟಯರು ನೆಲಕ್ಕೆ ತಾಗುವ ಜಾಗ ಸುಮಾರು ನಮ್ಮ ಅಂಗೈಯಷ್ಟು. ಆ ಹಿಡಿತವನ್ನು ಜೇಬಿನಲ್ಲಿರುವ ನೂರು ರೂಪಾಯಿ ಅಂತ ಇಟ್ಟುಕೊಳ್ಳೋಣ. ಬ್ರೇಕ್ ಹಾಕುವುದಕ್ಕೂ ತಿರುಗುವುದಕ್ಕೂ ಅದೇ ದುಡ್ಡು. ಬ್ರೇಕಿಗೇ ಎಲ್ಲ ಖರ್ಚಾದರೆ ತಿರುಗಲು ಕೈ ಖಾಲಿ. ಅದಕ್ಕೇ ರೇಸ್ ಚಾಲಕರು ದೊಡ್ಡ ಬ್ರೇಕನ್ನು ತಿರುವಿನ ಮೊದಲೇ, ಕಾರು ನೇರವಾಗಿರುವಾಗಲೇ ಹಾಕುತ್ತಾರೆ. ಸ್ಟೇರಿಂಗ್ ತಿರುಗಿಸುತ್ತಾ ಹೋದಂತೆ ಬ್ರೇಕನ್ನು ನಿಧಾನವಾಗಿ ಬಿಡುತ್ತಾರೆ. ಸ್ಟೇರಿಂಗ್ ನೇರವಾಗುತ್ತಾ ಬಂದಂತೆ ಆಕ್ಸಿಲರೇಟರ್ ಒತ್ತುತ್ತಾರೆ.

ಎರಡನೆಯ ಸಂಗತಿ ತೂಕ. ಬ್ರೇಕ್ ಹಾಕಿದರೆ ಭಾರ ಮುಂದಕ್ಕೆ, ಆಕ್ಸಿಲರೇಟರ್ ಒತ್ತಿದರೆ ಹಿಂದಕ್ಕೆ, ಎಡಕ್ಕೆ ತಿರುಗಿದರೆ ಬಲಗಡೆಯ ಚಕ್ರಗಳ ಮೇಲೆ ಹೋಗುತ್ತದೆ. ಸಾಖೀರ್‌ನ ಹತ್ತನೇ ತಿರುವು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಎಡಕ್ಕೆ ತಿರುಗುತ್ತಿರುವಾಗಲೇ ಬ್ರೇಕ್ ಹಾಕಬೇಕು. ಭಾರ ಕಳಕೊಂಡ ಎಡ ಮುಂದಿನ ಚಕ್ರ ಲಾಕ್ ಆಗಿ ಹೊಗೆ ಬರುವುದನ್ನು ಟಿವಿಯಲ್ಲಿ ಎಷ್ಟೋ ಸಲ ಕಾಣಬಹುದು. ಲೋಕದ ಅತ್ಯುತ್ತಮ ಚಾಲಕರಿಗೇ ಹೀಗಾಗುತ್ತದೆ.

ಮುಂದಿನ ಚಕ್ರದ ಹಿಡಿತ ಮೊದಲು ಹೋದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಗಾಡಿ ಸೀದಾ ಹೋಗುತ್ತದೆ. ಇದು ಅಂಡರ್‌ಸ್ಟಿಯರ್. ಹಿಂದಿನದು ಮೊದಲು ಹೋದರೆ ಹಿಂಭಾಗ ಹೊರಕ್ಕೆ ಜಾರಿ ಗಾಡಿ ಗಿರಕಿ ಹೊಡೆಯುತ್ತದೆ. ಇದು ಓವರ್‌ಸ್ಟಿಯರ್. ಮುಂದಕ್ಕೂ ಹಿಂದಕ್ಕೂ ಹಿಡಿತ ಹೊಂದಿಸುವುದನ್ನೇ ರೇಸಿನವರು ಬ್ಯಾಲೆನ್ಸ್ ಅನ್ನುವುದು. ಮುಂದಿನ ಆಂಟಿರೋಲ್ ಬಾರ್ ಬಿಗಿ ಮಾಡಿದರೆ ಕಾರು ಅಂಡರ್‌ಸ್ಟಿಯರ್ ಕಡೆಗೆ ವಾಲುತ್ತದೆ, ಹಿಂದಿನದನ್ನು ಬಿಗಿ ಮಾಡಿದರೆ ಓವರ್‌ಸ್ಟಿಯರ್ ಕಡೆಗೆ. ರೇಸ್ ಕಾರಿಗೆ ರೆಕ್ಕೆಗಳೂ ಇವೆ. ಗಾಳಿ ಅದನ್ನು ನೆಲಕ್ಕೆ ಅದುಮುತ್ತದೆ. ಹಾಗಾಗಿ ವೇಗದ ತಿರುವಿನಲ್ಲೂ ಅದು ನಿಲ್ಲುತ್ತದೆ. ಮನೆಯ ಕಾರಿಗೆ ಆ ಸೌಲಭ್ಯ ಇಲ್ಲ.

ನಮ್ಮ ಘಾಟಿಗೆ ಈ ಲೆಕ್ಕ ನೇರವಾಗಿ ತಾಗುತ್ತದೆ. ವೇಗ ಎರಡು ಪಟ್ಟಾದರೆ ತಿರುವಿನಲ್ಲಿ ಬೇಕಾದ ಹಿಡಿತ ನಾಲ್ಕು ಪಟ್ಟಾಗುತ್ತದೆ. 30 ಮೀಟರ್ ತ್ರಿಜ್ಯದ ಒಂದು ತಿರುವನ್ನು 40 ಕಿ.ಮೀ. ವೇಗದಲ್ಲಿ ದಾಟಲು ಕಾರಿನ ತೂಕದ ಸುಮಾರು 40 ಶೇಕಡದಷ್ಟು ಹಿಡಿತ ಸಾಕು. 60ರಲ್ಲಿ ಹೋದರೆ 90 ಶೇಕಡಕ್ಕೂ ಹೆಚ್ಚು ಬೇಕು. ಒಣ ರಸ್ತೆಯಲ್ಲೂ ಮಾಮೂಲಿ ಟಯರಿನಿಂದ ಅಷ್ಟು ಸಿಗುವುದು ಕಷ್ಟ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಮಳೆ ಬಿದ್ದು, ಮಂಜು ಕವಿದಿದ್ದರೆ ಕೇಳುವುದೇ ಬೇಡ. ಎಬಿಎಸ್ ಇದೆಯಲ್ಲ ಅನ್ನುವವರಿದ್ದಾರೆ. ಅದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ.

ಮದುವೆಗೋ ಝಿಯಾರತ್‌ಗೋ ಹೊರಟಾಗ ನಾವು ಮಾಡುವುದೇನು? ಕಾರು ತುಂಬ ಜನ, ಮೇಲಿನ ಕ್ಯಾರಿಯರಿನಲ್ಲಿ ಪೆಟ್ಟಿಗೆಗಳು. ರೇಸ್ ಕಾರನ್ನು ನೆಲಕ್ಕೆ ಅಂಟಿಕೊಂಡಂತೆ ಕಟ್ಟುವುದು ಭಾರ ಕೆಳಗಿರಲಿ ಅಂತ. ನಾವು ಭಾರವನ್ನು ಮೇಲಕ್ಕೆ ಏರಿಸುತ್ತೇವೆ. ಆಮೇಲೆ ನಿನ್ನೆ ಖಾಲಿ ಕಾರು ತಿರುಗಿದ ವೇಗದಲ್ಲೇ ಇವತ್ತೂ ತಿರುಗಿಸುತ್ತೇವೆ.

ಮಕ್ಕಳಿಗೆ ರೇಸ್ ನೋಡಬೇಡ ಅನ್ನುವುದರಿಂದ ಪ್ರಯೋಜನ ಇಲ್ಲ. ಜೊತೆಗೆ ಕೂತು ನೋಡೋಣ, ತಿರುವಿನ ಮೊದಲು ಚಾಲಕ ಎಷ್ಟು ವೇಗ ಇಳಿಸುತ್ತಾನೆ ಅಂತ ತೋರಿಸೋಣ. ಅವನಿಗಾದರೂ ತಪ್ಪಿದರೆ ಜಾರಲು ಬಯಲಿದೆ, ಮೈಗೆ ಬೆಲ್ಟು, ತಲೆಗೆ ಹೆಲ್ಮೆಟ್ಟು ಇದೆ, ಎದುರಿನಿಂದ ಬಸ್ಸು ಬರುವುದಿಲ್ಲ. ಘಾಟಿಯಲ್ಲಿ ಒಂದು ಬದಿ ಬಂಡೆ, ಇನ್ನೊಂದು ಬದಿ ಕಂದಕ. ಹೊರಡುವ ಮೊದಲು ಟಯರಿನ ಗಾಳಿ, ಸವೆತ ನೋಡುವುದು, ತಿರುವಿನ ಮೊದಲೇ ವೇಗ ಇಳಿಸುವುದು, ತಿರುವಿನ ನಡುವೆ ಗಕ್ಕನೆ ಬ್ರೇಕ್ ಹಾಕದಿರುವುದು – ಇಷ್ಟನ್ನು ಬಿಸ್ಮಿ ಹೇಳುವಷ್ಟೇ ರೂಢಿ ಮಾಡಿಕೊಳ್ಳೋಣ. ಮನೆಯಲ್ಲಿ ಉಮ್ಮ ಬಾಗಿಲು ನೋಡುತ್ತಾ ಕಾಯುತ್ತಿರುತ್ತಾಳೆ. ಹತ್ತು ನಿಮಿಷ ತಡವಾದರೆ ಅವಳೇನೂ ಬೇಸರ ಮಾಡಿಕೊಳ್ಳುವುದಿಲ್ಲ.