ವಲಸೆಯ ದಾರಿ, ಈಗ ವಾಕಿಂಗ್ ದಾರಿ

250 ವರ್ಷದ ಹಿಂದಿನ ಸ್ಪ್ಯಾನಿಷ್ ವಲಸೆ ದಾರಿ,
ಇವತ್ತು ಊರವರ ವಾಕಿಂಗ್ ದಾರಿ ಆಗಿದ್ದು ಹೇಗೆ?

1775ರ ಅಕ್ಟೋಬರ್.
ಈಗಿನ ಅಮೆರಿಕದ ಅರಿಜೋನಾ, ಟುಬಾಕ್ ಅನ್ನೋ ಊರು.
ಸೇನಾಧಿಕಾರಿ ಹುವಾನ್ ಬಟಿಸ್ಟಾ ಡಿ ಆನ್ಸಾ
240ಕ್ಕೂ ಹೆಚ್ಚು ಜನರನ್ನ ಕರ್ಕೊಂಡು
ಸ್ಯಾನ್ ಫ್ರಾನ್ಸಿಸ್ಕೋ ಕಡೆ ಹೊರಟ.
ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು!
ಮೊದಲ ರಾತ್ರಿಯೇ ಒಬ್ಬ ತಾಯಿಗೆ ಹೆರಿಗೆ ಆಯ್ತು.
ಮಗು ಉಳೀತು. ತಾಯಿ ಉಳೀಲಿಲ್ಲ.

1990ರಲ್ಲಿ ಅವರು ಸಾಗಿದ ಈ ದಾರಿಗೆ
ರಾಷ್ಟ್ರೀಯ ಐತಿಹಾಸಿಕ ದಾರಿ ಅನ್ನೋ ಮಾನ್ಯತೆ ಸಿಕ್ತು.
ಸುಮಾರು 1,900 ಕಿಲೋಮೀಟರ್!
ಆದ್ರೆ ಎಷ್ಟೋ ಕಡೆ
ಅದರ ಮೇಲೆ ಈಗ ಹೈವೇ, ಮನೆ, ಹೊಲ.
ಅದಕ್ಕೇ ಊರೂರಿನ ವಾಕಿಂಗ್, ಸೈಕಲ್ ದಾರಿಗಳನ್ನ
ಒಂದಕ್ಕೊಂದು ಸೇರಿಸ್ತಿದ್ದಾರೆ,
ಬಿಡಿ ಮಲ್ಲಿಗೆನ ಮಾಲೆ ಕಟ್ಟೋ ಹಾಗೆ.

ಟುಬಾಕ್‌ನಿಂದ ಟುಮಕಾಕೊರಿಯ ಹಳೇ ಚರ್ಚ್‌ವರೆಗೆ ಇರೋ ತುಂಡನ್ನೇ ನೋಡಿ.
ಪಕ್ಕದಲ್ಲಿ ಸಾಂಟಾ ಕ್ರೂಜ್ ನದಿ,
ಎತ್ತರದ ಕಾಟನ್‌ವುಡ್ ಮರಗಳ ನೆರಳು,
ಕಾಲಡಿ ಮಣ್ಣಿನ ಹಾದಿ.
ಪಾಠದ ಪುಸ್ತಕದಲ್ಲಿ ಓದಿದ್ದು
ಇಲ್ಲಿ ಕಾಲಿಗೇ ಗೊತ್ತಾಗುತ್ತೆ.

ಆದ್ರೆ ಒಂದು ಮಾತು.
ಸ್ಪೇನಿನವರು ಬರೋಕೆ ಎಷ್ಟೋ ಮೊದಲೇ
ಇಲ್ಲಿನ ಮೂಲನಿವಾಸಿಗಳಾದ ಓಓಧಮ್ ಜನ ಈ ನದಿ ದಂಡೆಯಲ್ಲಿ ನಡೆದಾಡ್ತಿದ್ರು.
ಇಲ್ಲಿ ನಿಲ್ಲಿಸೋ ಪ್ರತಿ ಫಲಕದಲ್ಲೂ
ಅವರ ಕಥೆ ಮೊದಲು ಬರಲೇಬೇಕು.