ಗುಲಾಬಿ ಬಣ್ಣದ ದ್ರಾವಣವೂ ಭೇದಿ ಮಾತ್ರೆಯೂ

ಪ್ರತ್ಯಾಮ್ಲಕ್ಕೆ ಎರಡು ಹನಿ ಬಿದ್ದೊಡನೆ ಗುಲಾಬಿ ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಹೈಸ್ಕೂಲು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಇದೇ ವಸ್ತು ಒಂದು ಕಾಲಕ್ಕೆ ಭೇದಿ ಮಾತ್ರೆಯಾಗಿ, ಚಾಕೊಲೇಟಿನ ರೂಪದಲ್ಲೂ ಮಾರಾಟವಾಗುತ್ತಿತ್ತು! 20ನೇ ಶತಮಾನದ ಆರಂಭದಲ್ಲಿ ಹಂಗೇರಿಯ ಝೋಲ್ಟಾನ್ ವಾಮೋಶಿ ಎಂಬ ವಿಜ್ಞಾನಿ, ನಕಲಿ ವೈನ್ ಗುರುತಿಸಲು ಇದನ್ನು ಬಳಸಬಹುದೇ ಎಂದು ಪರೀಕ್ಷಿಸುತ್ತಿದ್ದಾಗ ಇದರ ಭೇದಿ ಗುಣ ಬಯಲಾಯಿತು. ಜನ ದಶಕಗಳ ಕಾಲ ಅದನ್ನು ನಿಶ್ಚಿಂತೆಯಿಂದ ನುಂಗಿದರು. ಇಲಿಗಳಲ್ಲಿ ಕ್ಯಾನ್ಸರ್ ಗೆಡ್ಡೆ ಕಂಡುಬಂದ ಮೇಲೆ, 1999ರಲ್ಲಿ ಅಮೆರಿಕ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರುವ ಔಷಧಗಳ ಪಟ್ಟಿಯಿಂದ ತೆಗೆದುಹಾಕಿತು. ಆದರೆ ಹೊಟ್ಟೆ ಕಟ್ಟಿದೊಡನೆ ಮಾತ್ರೆ ಹುಡುಕುವ ಅವಸರ ಜನರನ್ನು ಬಿಟ್ಟಿಲ್ಲ.

ದಿನಕ್ಕೊಮ್ಮೆ ಹೋಗದಿದ್ದರೆ ಮಲಬದ್ಧತೆ ಎಂದೇನೂ ಅಲ್ಲ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆಯಾದರೆ, ಮಲ ಗಟ್ಟಿಯಾಗಿ ತಿಣುಕಬೇಕಾದರೆ ಯೋಚಿಸಬೇಕು. ದೊಡ್ಡ ಕರುಳಿನ ಮುಖ್ಯ ಕೆಲಸಗಳಲ್ಲೊಂದು ನೀರು ಹೀರುವುದು. ಮಲ ಅಲ್ಲಿ ತಂಗಿದಷ್ಟೂ ಒಣಗುತ್ತದೆ. ಏಳೂವರೆಯ ಬಸ್ಸಿಗೆ ಓಡುವ ಹುಡುಗಿಗೆ ಮನೆಯಲ್ಲಿ ಪುರುಸೊತ್ತಿಲ್ಲ. ಶಾಲೆಯ ಶೌಚಾಲಯದಲ್ಲಿ ನೀರಿದ್ದರೆ ಚಿಲಕವಿಲ್ಲ. ಸಂಜೆಯವರೆಗೆ ತಡೆದುಕೊಳ್ಳುತ್ತಾಳೆ. ಮರುದಿನ ನೋವು, ನೋವಿಗೆ ಹೆದರಿ ಮತ್ತೆ ತಡೆ. ಹೀಗೇ ಹಿಗ್ಗುತ್ತಾ ಹೋದ ಗುದನಾಳಕ್ಕೆ ಮಲ ತುಂಬಿದ ಅರಿವೇ ಮಂದವಾಗುತ್ತದೆ. ತಿಂಡಿ ಹೊಟ್ಟೆಗೆ ಬಿದ್ದಾಗ ದೊಡ್ಡ ಕರುಳು ತಾನಾಗಿಯೇ ಚುರುಕಾಗುವುದರಿಂದ, ಮಗುವನ್ನು ಅರ್ಧ ಗಂಟೆ ಮೊದಲು ಎಬ್ಬಿಸಿ, ತಿಂಡಿಯ ನಂತರ ಐದು-ಹತ್ತು ನಿಮಿಷ ಅವಸರಪಡಿಸದೆ ಕೂರಲು ಬಿಡಬೇಕು. ಕಮೋಡ್ ಇದ್ದರೆ ಕಾಲಡಿಗೊಂದು ಮಣೆ ಇರಲಿ.

ಇನ್ನು ಊಟ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆಗೆ ಮೂಗು ಮುರಿಯುವ ಮಕ್ಕಳು ರಾಗಿ ರೊಟ್ಟಿಯನ್ನಾದರೂ ತಿಂದಾರು. ಸೊಪ್ಪಿನ ಬಸ್ಸಾರು, ಹುರುಳಿ, ಅವರೆ, ಸೀಬೆಹಣ್ಣು ಇವೆಲ್ಲ ದುಬಾರಿ ಪದಾರ್ಥಗಳೇನಲ್ಲ. ನಾರನ್ನು ನಿಧಾನವಾಗಿ ಹೆಚ್ಚಿಸಬೇಕು, ಜೊತೆಗೆ ನೀರನ್ನೂ. ಇಲ್ಲದಿದ್ದರೆ ಹೊಟ್ಟೆಯುಬ್ಬರ ಖಂಡಿತ.

ಇಷ್ಟರಿಂದಲೂ ಸರಿಹೋಗದಿದ್ದರೆ ಮದ್ದು. ದೊಡ್ಡವರಿಗೆ ಇಸಬ್‌ಗೋಲ್ ಹೊಟ್ಟು ಆಗಬಹುದು. ಅದು ನೀರು ಹೀರಿ ಲೋಳೆಯಾಗಿ ಉಬ್ಬುವುದರಿಂದ ಲೋಟದ ತುಂಬ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಬೇಕು. ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕೀತು. ಮಕ್ಕಳಿಗೆ ವೈದ್ಯರು ಕೊಡುವ ಲ್ಯಾಕ್ಟುಲೋಸ್ ಸಿರಪ್ಪು ಜೀರ್ಣವಾಗದ ಸಕ್ಕರೆ. ಕರುಳಿಗೆ ನೀರನ್ನು ಸೆಳೆದು ಮಲವನ್ನು ಮೃದುವಾಗಿಸುತ್ತದೆ. ಹರಳೆಣ್ಣೆ, ಸೋನಾಮುಖಿಗಳ ದಾರಿಯೇ ಬೇರೆ. ಅವು ಕರುಳನ್ನು ಕೆರಳಿಸಿ ಓಡಿಸುತ್ತವೆ. ರಜೆ ಬಂತೆಂದರೆ ಮಕ್ಕಳನ್ನು ಸಾಲಾಗಿ ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದ ಅಜ್ಜಿಯರ ಪದ್ಧತಿ ಈಗ ಬೇಡ. ‘ಗಿಡಮೂಲಿಕೆ, ತೊಂದರೆಯಿಲ್ಲ’ ಎಂದು ರಾತ್ರಿ ರಾತ್ರಿ ನುಂಗುವ ಎಷ್ಟೋ ಚೂರ್ಣಗಳಲ್ಲಿರುವುದೂ ಸೋನಾಮುಖಿಯೇ. ಅತಿಯಾದರೆ ನೀರಿನೊಂದಿಗೆ ಪೊಟ್ಯಾಸಿಯಂ ಸಹ ದೇಹದಿಂದ ಹೊರಟುಹೋಗುತ್ತದೆ.

ಕೆಲವು ಮಕ್ಕಳ ಚಡ್ಡಿಯಲ್ಲಿ ಆಗಾಗ ತೆಳು ಮಲದ ಕಲೆ ಕಾಣುತ್ತದೆ. ಭೇದಿಯೆಂದು ಮದ್ದು ಕೊಡುವವರುಂಟು, ಸೋಮಾರಿತನವೆಂದು ಬೈಯುವವರೂ ಉಂಟು. ಎಷ್ಟೋ ಸಲ ಒಳಗೆ ಗಟ್ಟಿಯಾಗಿ ಕೂತ ಮಲದ ಪಕ್ಕದಿಂದ ಅದು ಮಗುವಿಗೆ ತಿಳಿಯದಂತೆ ಸೋರುತ್ತಿರುತ್ತದೆ. ಆ ಮಗುವನ್ನು ಗದರದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಲದಲ್ಲಿ ರಕ್ತ, ತೂಕ ಇಳಿಯುವುದು ಕಂಡರೂ ಹಾಗೆಯೇ. ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ ಯಾವ ಭೇದಿ ಮದ್ದನ್ನೂ ಕೊಡದೆ ಆಗಲೇ ಆಸ್ಪತ್ರೆಗೆ ಹೊರಡಬೇಕು.